ಮಕ್ಕಳ ಊಟದ ಲೆಕ್ಕ

ಇಂಗ್ಲೆಂಡಿನಲ್ಲಿ ತಂದೆತಾಯಿಗಳು ದುಡಿಮೆಗೆ ಹೋದಾಗ ಅವರ ಮಕ್ಕಳನ್ನು ತನ್ನ ಮನೆಯಲ್ಲಿಯೇ ನೋಡಿಕೊಳ್ಳುವ ವೃತ್ತಿಯೊಂದುಂಟು. ಈ ಶಿಶುಪಾಲಕಿ ಯಾರ ನೌಕರಳೂ ಅಲ್ಲ. ಬಂದ ಶುಲ್ಕದಲ್ಲಿ ಖರ್ಚು ಕಳೆದು ಉಳಿದುದೇ ಅವಳ ಗಳಿಕೆ. ತೆರಿಗೆಯನ್ನು ಎಣಿಸುವುದೂ ಆ ಉಳಿಕೆಯ ಮೇಲೆಯೇ. ಊಟದ ಖರ್ಚನ್ನು ಕಡಿಮೆ ಬರೆದರೆ ತನ್ನ ಕೂಲಿಯನ್ನೇ ಬಡಿಸಿದಂತಾಗುತ್ತದೆ. ಹೆಚ್ಚು ಬರೆದರೆ ತೆರಿಗೆಯ ಲೆಕ್ಕ ಸುಳ್ಳಾಗುತ್ತದೆ.

ತೊಡಕಿರುವುದು ಅಡುಗೆಮನೆಯಲ್ಲಿ. ಒಂದೇ ಪಾತ್ರೆಯಲ್ಲಿ ಬೆಂದುದನ್ನು ಮನೆಯವರೂ ಉಣ್ಣುತ್ತಾರೆ, ಬಂದ ಮಕ್ಕಳೂ ಉಣ್ಣುತ್ತಾರೆ. ಅಂಗಡಿಯ ರಸೀತಿ ಈ ಎರಡು ಪಾಲುಗಳನ್ನು ಬೇರ್ಪಡಿಸಿ ಹೇಳುವುದಿಲ್ಲ. ಆದುದರಿಂದ ತಟ್ಟೆಯಿಂದಲೇ ಲೆಕ್ಕ ಹಿಡಿಯಬೇಕು. ಹಾಲನ್ನು ನೋಡೋಣ. ಅಲ್ಲಿ ದೊರೆಯುವ 4 ಪಿಂಟಿನ ಡಬ್ಬಿಯಲ್ಲಿ ಸುಮಾರು 2,270 ಮಿಲಿಲೀಟರು ಹಾಲಿರುತ್ತದೆ. ಮೂವರು ಮಕ್ಕಳಿಗೆ ದಿನಕ್ಕೆ ತಲಾ 150 ಮಿಲಿಲೀಟರು ಕೊಟ್ಟರೆ ಐದು ದಿನಕ್ಕೆ 2,250 ಮಿಲಿಲೀಟರು, ಡಬ್ಬಿ ಬರಿದಾಯಿತು! ಅದರ ಬೆಲೆ 150 ಪೆನ್ಸ್ ಎಂದಿಟ್ಟುಕೊಂಡರೆ ಲೋಟಕ್ಕೆ 10 ಪೆನ್ಸ್. ಬ್ರೆಡ್ಡು, ಹಣ್ಣು, ತರಕಾರಿಗಳನ್ನೂ ಹೀಗೆಯೇ ಪಾಲುಮಾಡಿ ಕೂಡಿದರೆ ಒಂದು ಮಗುವಿನ ಒಂದು ದಿನದ ಖರ್ಚು ದೊರೆಯುತ್ತದೆ. ಅದನ್ನು ಹಾಜರಿಯಿಂದ ಗುಣಿಸಬೇಕು.

ಅಡುಗೆಯಾದ ಮೇಲೆ ಮಗುವೊಂದು ಜ್ವರದಿಂದ ಬಾರದೆ ಹೋದರೆ? ಬೆಂದುದನ್ನು ಅಂಗಡಿಗೆ ಹಿಂದಿರುಗಿಸಲಾಗದು. ಎಸೆದರೆ ಅದು ವೃತ್ತಿಯ ನಷ್ಟ. ರಾತ್ರಿ ಮನೆಯವರು ಉಂಡರೆ ಮನೆಯ ಖರ್ಚು. ಶಿಶುಪಾಲಕಿ ತಾನು ಉಂಡ ಊಟವೂ ಮನೆಯ ಲೆಕ್ಕಕ್ಕೇ ಸೇರುತ್ತದೆ.