ಶಿಮ್ಲಾದಲ್ಲಿ ಕೊಟ್ಟ ಮಾತು

ಧಾರವಾಡದ ಹಿರಿಯ ವಕೀಲರೊಬ್ಬರ ಮನೆಯ ಮಹಡಿಯಲ್ಲಿ, ಹಳೆಯ ಲಾ ರಿಪೋರ್ಟುಗಳ ರಾಶಿಯ ಅಡಿಯಿಂದ ಕೇಂದ್ರ ಶಾಸನಸಭೆಯ 1927ರ ನಡಾವಳಿಯ ಸಂಪುಟವೊಂದು ಹೊರಬಂತು. ರಟ್ಟು ಕಳಚಿತ್ತು, ಬೆನ್ನನ್ನು ಹುಳ ತಿಂದಿತ್ತು. ಶಿಮ್ಲಾದಲ್ಲಿ ನಡೆದ ಸೆಪ್ಟೆಂಬರ್ ಅಧಿವೇಶನದ ಪುಟಗಳು ಮಾತ್ರ ಹಾಗೇ ಉಳಿದಿದ್ದವು. “ಓದ್ರಿ ಇದನ್ನ. ಧರ್ಮದ ಮ್ಯಾಲಿನ ಕೇಸುಗಳ ಬೇರೆಲ್ಲಾ ಇಲ್ಲೇ ಐತಿ,” ಎಂದರು ವಕೀಲರು. ಸಂಜೆ ದೀಪ ಹಚ್ಚುವವರೆಗೂ ನಾನು ಅಲ್ಲಿಂದ ಏಳಲಿಲ್ಲ. ದಂಡ ಸಂಹಿತೆಗೆ 295ಎ ಕಲಂ ಸೇರಿಸಿದ ಚರ್ಚೆ ಅದು. ಕಾದಂಬರಿ, ಸಿನಿಮಾ, ಭಾಷಣ ಯಾವುದರ ಮೇಲಾದರೂ ‘ಭಾವನೆಗೆ ಧಕ್ಕೆ’ಯ ದೂರು ಬಂದಾಗ ಠಾಣೆಗಳು ದಶಕಗಳ ಕಾಲ ಬರೆದುಕೊಂಡದ್ದು ಇದೇ ಅಂಕಿಯನ್ನು.

ಹಿನ್ನೆಲೆ ಬಹುಜನರಿಗೆ ಗೊತ್ತು. ಪ್ರವಾದಿಯವರ ಖಾಸಗಿ ಬದುಕನ್ನು ಹೀಯಾಳಿಸಿದ ‘ರಂಗೀಲಾ ರಸೂಲ್’ ಎಂಬ ಕಿರುಹೊತ್ತಗೆ 1924ರಲ್ಲಿ ಲಾಹೋರಿನಲ್ಲಿ ಪ್ರಕಟವಾಯಿತು. ಪ್ರಕಾಶಕ ರಾಜಪಾಲ್ ಬರೆದವರ ಹೆಸರನ್ನು ಕೊನೆಯವರೆಗೂ ಬಿಟ್ಟುಕೊಡಲಿಲ್ಲ. ಕೆಳಗಿನ ಕೋರ್ಟುಗಳು ಅವರಿಗೆ ಜೈಲುಶಿಕ್ಷೆ ಕೊಟ್ಟವು. 1927ರ ಮೇ ತಿಂಗಳಲ್ಲಿ ಹೈಕೋರ್ಟಿನ ನ್ಯಾಯಮೂರ್ತಿ ದಲೀಪ್ ಸಿಂಗ್ ಬಿಡುಗಡೆ ಮಾಡಿದರು. ಪುಸ್ತಕ ಕೆಟ್ಟದ್ದೆಂಬುದರಲ್ಲಿ ಅವರಿಗೂ ಅನುಮಾನವಿರಲಿಲ್ಲ. ಆದರೆ 153ಎ ಕಲಂ ಇರುವುದು ಬದುಕಿರುವ ಸಮುದಾಯಗಳ ನಡುವೆ ದ್ವೇಷ ಬಿತ್ತುವುದನ್ನು ತಡೆಯಲು, ಗತಿಸಿದ ಧರ್ಮಗುರುವಿನ ಟೀಕೆಯನ್ನು ಶಿಕ್ಷಿಸಲು ಅಲ್ಲ ಎಂದರು. ಒಪ್ಪಿಗೆಯಾಗದ ಪುಸ್ತಕದ ಮುಂದೆಯೂ ಕಾನೂನಿನ ಅಕ್ಷರಕ್ಕೆ ಬದ್ಧರಾಗಿ ನಿಂತ ಈ ನ್ಯಾಯಾಧೀಶರ ಮೇಲೆ ನನಗೆ ಅಪಾರ ಗೌರವ.

ಆಮೇಲಿನ ನಾಲ್ಕು ತಿಂಗಳ ಕಥೆಯಿಂದ ಹೊರಬರಲು ನನಗೆ ಇನ್ನೂ ಆಗಿಲ್ಲ. ‘ಮುಸ್ಲಿಂ ಔಟ್‌ಲುಕ್’ ಪತ್ರಿಕೆ ನ್ಯಾಯಮೂರ್ತಿಗಳು ರಾಜೀನಾಮೆ ಕೊಡಬೇಕೆಂದು ಬರೆಯಿತು. ಹೈಕೋರ್ಟು ಅದನ್ನು ನ್ಯಾಯಾಂಗ ನಿಂದನೆಯೆಂದು ಪರಿಗಣಿಸಿ ಸಂಪಾದಕರನ್ನೂ ಮಾಲೀಕರನ್ನೂ ಜೈಲಿಗೆ ಕಳಿಸಿತು. ಲಾಹೋರಿನ ಮುಸ್ಲಿಂ ಓದುಗನ ಕಣ್ಣಿಗೆ ಇದು ಹೇಗೆ ಕಂಡಿರಬೇಕು? ಪ್ರವಾದಿಯನ್ನು ಹೀಯಾಳಿಸಿದರೆ ಬಿಡುಗಡೆ, ಜಡ್ಜನ್ನು ಟೀಕಿಸಿದರೆ ಸೆರೆ! ಬೀದಿಗಿಳಿದ ಸಿಟ್ಟಿನಲ್ಲಿ ಅರ್ಧ ಪಾಲು ಈ ತಾರತಮ್ಯದ್ದೇ ಎಂದು ನನ್ನ ನಂಬಿಕೆ. ಅಷ್ಟರಲ್ಲಿ ಅಮೃತಸರದ ‘ರಿಸಾಲಾ–ಇ–ವರ್ತಮಾನ್’ ಎಂಬ ಪತ್ರಿಕೆಯಲ್ಲಿ ಅದೇ ಬಗೆಯ ಇನ್ನೊಂದು ಬರಹ ಬಂತು. ಆಗಸ್ಟ್‌ನಲ್ಲಿ ಅದೇ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ದಲೀಪ್ ಸಿಂಗ್ ಅವರ ವ್ಯಾಖ್ಯಾನವನ್ನು ಒಪ್ಪದೆ, ಹಳೆಯ 153ಎ ಅಡಿಯಲ್ಲೇ ಶಿಕ್ಷೆ ವಿಧಿಸಿತು. ಅಂದರೆ ಕಾನೂನಿನಲ್ಲಿ ಬಿರುಕಿದೆ ಎಂದು ಸರ್ಕಾರ ಶಿಮ್ಲಾಕ್ಕೆ ಮಸೂದೆ ತರುವ ಹೊತ್ತಿಗೆ ಕೋರ್ಟೇ ಆ ಬಿರುಕನ್ನು ಮುಚ್ಚಿಯಾಗಿತ್ತು. ಆದರೂ ಸೆಪ್ಟೆಂಬರ್ ಮುಗಿಯುವುದರೊಳಗೆ ಅದು 1927ರ 25ನೇ ಕಾಯ್ದೆಯಾಯಿತು.

ನಡಾವಳಿಯಲ್ಲಿ ನಾನು ಮತ್ತೆ ಮತ್ತೆ ತಿರುವಿದ್ದು ಜಿನ್ನಾ ಅವರ ಭಾಷಣದ ಪುಟ. ಮಸೂದೆಗೆ ಅವರ ಬೆಂಬಲವಿತ್ತು. ಆದರೆ ಇತಿಹಾಸ ಬರೆಯುವವರಿಗೆ, ಸತ್ಯ ಹುಡುಕುವವರಿಗೆ, ಧರ್ಮವನ್ನು ಪ್ರಾಮಾಣಿಕವಾಗಿ ವಿಮರ್ಶಿಸುವವರಿಗೆ ರಕ್ಷಣೆ ಇರಲೇಬೇಕೆಂದು ಅವರು ಒತ್ತಿ ಹೇಳಿದ್ದರು. 1929ರ ಏಪ್ರಿಲ್‌ನಲ್ಲಿ ರಾಜಪಾಲ್ ಕೊಲೆಯಾದಾಗ ಕೊಂದ ತರುಣ ಇಲ್ಮುದ್ದೀನನ ಮೇಲ್ಮನವಿಗೆ ಹೈಕೋರ್ಟಿನಲ್ಲಿ ವಾದಿಸಿದವರೂ ಇದೇ ಜಿನ್ನಾ. ಮೇಲ್ಮನವಿ ಬಿದ್ದುಹೋಗಿ ಅವನನ್ನು ಗಲ್ಲಿಗೇರಿಸಿದರು.

ಶಿಮ್ಲಾದಲ್ಲಿ ಕೊಟ್ಟ ಆ ಮಾತು ಕಲಮಿನೊಳಕ್ಕೆ ಬರಲಿಲ್ಲ. ನನ್ನ ತಕರಾರು ಇಷ್ಟೇ. ಮಾನನಷ್ಟದ 499ನೇ ಕಲಂಗೆ ಹತ್ತು ವಿನಾಯಿತಿಗಳಿದ್ದವು. ಸಾರ್ವಜನಿಕ ಹಿತಕ್ಕಾಗಿ ಆಡಿದ ಸತ್ಯ ಅಪರಾಧವಲ್ಲ ಎಂಬುದು ಅವುಗಳಲ್ಲಿ ಮೊದಲನೆಯದು. ಒಬ್ಬ ವ್ಯಕ್ತಿಯ ಮಾನದ ವಿಷಯದಲ್ಲಿ ಇಷ್ಟು ಎಚ್ಚರ ವಹಿಸಿದ ಸಂಹಿತೆ ಧರ್ಮವಿಮರ್ಶಕನಿಗೆ ಒಂದು ವಿನಾಯಿತಿಯನ್ನೂ ಬರೆದಿಡಲಿಲ್ಲ. ‘ಉದ್ದೇಶಪೂರ್ವಕ, ದುರುದ್ದೇಶದ’ ಅವಮಾನ ಮಾತ್ರ ಅಪರಾಧ ಎಂಬ ಷರತ್ತೇ ಸಾಕೆಂದುಕೊಂಡರು. 1957ರಲ್ಲಿ ರಾಮ್‌ಜಿ ಲಾಲ್ ಮೋದಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಕಲಮನ್ನು ಎತ್ತಿಹಿಡಿದದ್ದೂ ಆ ಷರತ್ತಿನ ಬಲದ ಮೇಲೆಯೇ. ಆದರೆ ದುರುದ್ದೇಶ ಇತ್ತೋ ಇಲ್ಲವೋ ಎಂಬುದು ತೀರ್ಮಾನವಾಗುವುದು ವರ್ಷಗಳ ನಂತರ. ವಿಚಾರಣೆ ಕೈಗೆತ್ತಿಕೊಳ್ಳಲು ಸರ್ಕಾರದ ಅನುಮತಿ ಬೇಕು, ಬಂಧನಕ್ಕೆ ಬೇಕಿಲ್ಲ.

ಗಡಿಯಾಚೆ ಇದೇ ಸಂಹಿತೆಗೆ ಜಿಯಾ ಉಲ್ ಹಕ್ ಕಾಲದಲ್ಲಿ, 1986ರಲ್ಲಿ, 295ಸಿ ಸೇರಿತು. ಅದರಲ್ಲಿ ಉದ್ದೇಶದ ಪ್ರಸ್ತಾಪವೇ ಇಲ್ಲ, ಮರಣದಂಡನೆ ಇದೆ. 2010ರಲ್ಲಿ ಗಲ್ಲುಶಿಕ್ಷೆಗೆ ಒಳಗಾದ ಆಸಿಯಾ ಬೀಬಿ ನಿರ್ದೋಷಿ ಎನಿಸಿಕೊಂಡದ್ದು 2018ರಲ್ಲಿ.

ನಮ್ಮಲ್ಲಿ ಪಿ.ವಿ. ನಾರಾಯಣ ಅವರ ‘ಧರ್ಮಕಾರಣ’ ಕಾದಂಬರಿಗೆ ರಾಜ್ಯ ಸಾಹಿತ್ಯ ಅಕಾಡೆಮಿ ಬಹುಮಾನ ಕೊಟ್ಟಿತು, ಸರ್ಕಾರ ಮುಟ್ಟುಗೋಲು ಹಾಕಿತು. ಬರಗೂರು ರಾಮಚಂದ್ರಪ್ಪ ಮತ್ತಿತರರು ಸುಪ್ರೀಂ ಕೋರ್ಟಿನವರೆಗೆ ಹೋದರೂ 2007ರಲ್ಲಿ ಮುಟ್ಟುಗೋಲೇ ಉಳಿಯಿತು. ಬಸವಣ್ಣನವರ ಕಾಲದ ಬಗ್ಗೆ ಕಾದಂಬರಿಕಾರನೊಬ್ಬನ ಊಹೆ ತಪ್ಪಿರಬಹುದು. ಅದಕ್ಕೆ ಉತ್ತರ ಇನ್ನೊಂದು ಪುಸ್ತಕ. ವಚನಕಾರರು ತಮ್ಮ ಕಾಲದ ದೇವಸ್ಥಾನವನ್ನೂ ಪುರೋಹಿತನನ್ನೂ ಮುಖಕ್ಕೆ ಮುಖ ಕೊಟ್ಟು ಪ್ರಶ್ನಿಸಿದ ಈ ನಾಡಿನಲ್ಲಿ ಅಷ್ಟು ಧೈರ್ಯ ನಮಗಿರಬೇಕಿತ್ತು.

2024ರ ಜುಲೈ 1ರಿಂದ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. 295ಎ ಈಗ 299. ಮಾನನಷ್ಟ 356ನೇ ಕಲಂ ಆಗಿದೆ, ಹತ್ತು ವಿನಾಯಿತಿಗಳೂ ಅದರೊಂದಿಗೆ ಬಂದಿವೆ. 299ಕ್ಕೆ ಹೊಸದಾಗಿ ಸೇರಿದ್ದು ವಿದ್ಯುನ್ಮಾನ ಸಾಧನಗಳ ಮೂಲಕ ಆಡಿದ ಮಾತೂ ಅಪರಾಧವೆಂಬ ಅಂಶ. ಇತಿಹಾಸಕಾರನಿಗೆ, ವಿಮರ್ಶಕನಿಗೆ ಅಲ್ಲಿ ಒಂದು ಸಾಲಿನ ವಿನಾಯಿತಿ ಬರೆಯಲು ಸಂಸತ್ತಿಗೆ ಈಗಲೂ ಅಡ್ಡಿಯೇನಿಲ್ಲ.