ಎಕರೆ ತೋಟ, ಒಂಬತ್ತೆಕರೆ ಬೆಟ್ಟ

ಶಿರಸಿ ಸೀಮೆಯ ಈ ಮನೆಗೆ ಅಡಿಕೆ ತೋಟ ನೋಡಲೆಂದು ಹೋದರೆ ಅಜ್ಜಿ ಮೊದಲು ಕರೆದೊಯ್ಯುವುದು ಹಿತ್ತಲಿನಾಚೆಯ ಏರಿಗೆ. ‘ಮೊದ್ಲು ಬೆಟ್ಟ ನೋಡವು, ತಮಾ’ ಎನ್ನುತ್ತ ಕೋಲೂರಿ ಮುಂದೆ ನಡೆದೇಬಿಡುತ್ತಾರೆ. ಎಂಬತ್ತು ದಾಟಿದೆ, ಮಂಡಿನೋವೂ ಇದೆ. ಬೆಟ್ಟದ ದಾರಿಯಲ್ಲಿ ಎರಡೂ ಲೆಕ್ಕಕ್ಕಿಲ್ಲ.

ಸೊಪ್ಪಿನ ಬೆಟ್ಟ ಬ್ರಿಟಿಷರ ಕಾಲದ ಸವಲತ್ತು. ಘಟ್ಟದ ಮೇಲಿನ ಬಾಗಾಯತದಾರರಿಗೆ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟ. ನೆಲ ಸರ್ಕಾರದ್ದು; ಸೊಪ್ಪು, ದರಕು (ಉದುರಿದ ಒಣ ಎಲೆ), ಮೇವು ತೋಟದವರದು.

ಮತ್ತಿ ಮರದ ಬುಡದಲ್ಲಿ ಅಜ್ಜಿ ನಿಂತರು. ಟೊಂಗೆಯ ಸೊಪ್ಪು ಸವರಬಹುದು, ತಲೆಯ ಕುಡಿ ಮುಟ್ಟಬಾರದು. ಕುಡಿ ಹೋದ ಮರ ಮೊಂಡಾಗಿ ನಿಲ್ಲುತ್ತದೆ, ಮುಂದೆ ಸೊಪ್ಪೂ ಇಲ್ಲ, ನೆರಳೂ ಇಲ್ಲ. ಪಕ್ಕದ ಬೆಟ್ಟದ ಅಂಥ ನಾಲ್ಕು ಮರ ತೋರಿಸಿದರು, ಯಾರದೆಂದು ಹೇಳಲಿಲ್ಲ. ನೇರಲೆ, ಹೊನ್ನೆ, ಕವಲು, ಉಪ್ಪಾಗೆ, ಮುರುಗಲು ಎಲ್ಲವನ್ನೂ ಎಲೆ ಹೊಸಕಿ, ಮೂಸಿ ಪರಿಚಯ ಮಾಡಿಸಿದರು. ಮುರುಗಲಿಗೆ ಕತ್ತಿ ಹಾಕುವ ಹಾಗಿಲ್ಲವಂತೆ. ಬೇಸಿಗೆಯ ಪಾನಕ ಅದರದ್ದೇ ತಾನೆ!

ಮಳೆಗಾಲದಲ್ಲಿ ಹಸಿ ಸೊಪ್ಪು, ಚಳಿ ಕಳೆದ ಮೇಲೆ ಗುಡಿಸಿ ತಂದ ದರಕು ಕೊಟ್ಟಿಗೆಯಲ್ಲಿ ದನಗಳ ಕಾಲಡಿ ಬೀಳುತ್ತದೆ. ಸಗಣಿ, ಗಂಜಲ ಕುಡಿದು, ಗೊರಸಿನ ತುಳಿತಕ್ಕೆ ಹದವಾಗಿ ಗೊಬ್ಬರಗುಂಡಿ ಸೇರುತ್ತದೆ. ಅಲ್ಲಿಂದ ಅಡಿಕೆಯ ಬುಡಕ್ಕೆ. ಅಡಿಕೆಯ ಮೈಮೇಲೆ ಮೆಣಸಿನ ಬಳ್ಳಿ, ನೆರಳಲ್ಲಿ ಏಲಕ್ಕಿ, ನಡುವೆ ಬಾಳೆ. ತೋಟದಲ್ಲಿ ಕಾಲಿಟ್ಟರೆ ಮಣ್ಣು ಮೆತ್ತಗೆ ಕುಸಿಯುತ್ತದೆ. ಒಂದು ಹಿಡಿ ಎತ್ತಿದರೆ ಅರೆ ಕೊಳೆತ ಎಲೆಯ ನರವೂ ಎರೆಹುಳವೂ ಒಟ್ಟಿಗೇ ಬರುತ್ತವೆ.

ಇಷ್ಟಿದ್ದೂ ಕೊಳೆ ರೋಗಕ್ಕೆ ಬೋರ್ಡೊ ಹೊಡೆಯಲೇಬೇಕು. 100 ಲೀಟರ್ ನೀರಿಗೆ ಮೈಲುತುತ್ತ, ಸುಣ್ಣ ತಲಾ 1 ಕಿಲೊ. ಸಾವಯವದ ಮಡಿವಂತರು ಮೂಗು ಮುರಿಯಬಹುದು. ಆಷಾಢದ ಮಳೆಗೆ ಕೊನೆಗಟ್ಟಲೆ ಅಡಿಕೆ ಉದುರಿದ್ದನ್ನು ಕಂಡವರು ಮುರಿಯಲಾರರು.

ಈಗಿನ ಕಷ್ಟ ಬೇರೆ. ಸೊಪ್ಪು ಕಡಿಯಲು, ದರಕು ಹೊರಲು ಆಳಿಲ್ಲ. ಮಲೆನಾಡು ಗಿಡ್ಡ ದನಗಳಿಂದ ತುಂಬಿರುತ್ತಿದ್ದ ಕೊಟ್ಟಿಗೆಯಲ್ಲಿ ಉಳಿದದ್ದು ಮೂರು. ಗಿಡ್ಡದ ಹಾಲು ಕಡಿಮೆ, ಬೆಟ್ಟ ಮೇಯ್ದು ಬದುಕುವ ಗಟ್ಟಿತನ ಹೆಚ್ಚು. ಡೇರಿಯ ಅಳತೆಯಲ್ಲಿ ಮೊದಲನೆಯದಕ್ಕೆ ಮಾತ್ರ ಬೆಲೆ. ಊರಿನ ಬಹಳಷ್ಟು ತೋಟಗಳಿಗೆ ಗೊಬ್ಬರ ಈಗ ಚೀಲದಲ್ಲಿ ಬರುತ್ತದೆ. ಚೀಲಕ್ಕೆ ಬೆಟ್ಟ ಬೇಡ. ಬೇಡವಾದ ಬೆಟ್ಟವನ್ನು ಕಾಯುವವರು ಯಾರು ಎಂಬ ಚಿಂತೆ ನನ್ನದೂ ಹೌದು.

ಬೆಂಗಳೂರಿನಲ್ಲಿರುವ ಮೊಮ್ಮಗ ತೋಟಕ್ಕೆ ಮರಳುವ ಮಾತಾಡುತ್ತಾನಂತೆ. ಫೋನಿನಲ್ಲಿ ಅವನು ಕೇಳುವುದು ಅಡಿಕೆ ಧಾರಣೆ, ಅಜ್ಜಿ ಹೇಳುವುದು ದನದ ಸುದ್ದಿ. ಈ ಸಲ ದರಕಿಗೆ ಆಳು ಸಿಕ್ಕರೆ ಇನ್ನೊಂದು ಆಕಳು ಕಟ್ಟುವ ಆಸೆ ಅವರಿಗಿದೆ. ಸಿಗುವುದು ಅನುಮಾನ.