ನೋವಿಲ್ಲದ ಕಾಮಾಲೆ: ಪಥ್ಯ ಸಾಲದು, ಪರೀಕ್ಷೆ ಬೇಕು

ಕಣ್ಣು ಹಳದಿಯಾಯಿತೆಂದರೆ ನಮ್ಮ ಮನೆಗಳಲ್ಲಿ ಮೊದಲು ಶುರುವಾಗುವುದು ಪಥ್ಯ. ಎಣ್ಣೆ, ಒಗ್ಗರಣೆ ನಿಲ್ಲುತ್ತದೆ. ಮಜ್ಜಿಗೆ ಅನ್ನ, ಎಳನೀರು, ಬೆಳಿಗ್ಗೆ ಖಾಲಿ ಹೊಟ್ಟೆಗೆ ನೆಲನೆಲ್ಲಿ ರಸ. ಜಯನಗರ, ಬನಶಂಕರಿಯಂತಹ ವಿದ್ಯಾವಂತರ ಬಡಾವಣೆಗಳೂ ಇದಕ್ಕೆ ಹೊರತಲ್ಲ. ಕಲುಷಿತ ನೀರು, ಆಹಾರದಿಂದ ಬರುವ ವೈರಸ್ ಕಾಮಾಲೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಅದರ ಕೀರ್ತಿ ಸೊಪ್ಪಿನ ರಸಕ್ಕೆ ಹೋಗುತ್ತದೆ.

ಆದರೆ ಐವತ್ತು ದಾಟಿದವರಲ್ಲಿ ಜ್ವರ, ನೋವು ಯಾವುದೂ ಇಲ್ಲದೆ ದಿನೇ ದಿನೇ ಏರುವ ಕಾಮಾಲೆಯ ವಿಷಯವೇ ಬೇರೆ. ಅದು ಪಿತ್ತನಾಳದ ಕ್ಯಾನ್ಸರಿನ ಮೊದಲ ಸೂಚನೆಯಾಗಿರಬಹುದು. ಇಲ್ಲಿ ಪಥ್ಯದಲ್ಲಿ ಕಳೆದ ಒಂದೊಂದು ವಾರವೂ ನಷ್ಟವೇ.

ನಾಳ ಕಟ್ಟಿಕೊಂಡಾಗ

ನಮ್ಮ ಯಕೃತ್ತು, ಅಂದರೆ ಲಿವರ್, ದಿನಕ್ಕೆ ಅರ್ಧದಿಂದ ಒಂದು ಲೀಟರಿನಷ್ಟು ಪಿತ್ತರಸ ತಯಾರಿಸುತ್ತದೆ. ಅದರ ಎಡ, ಬಲ ಭಾಗಗಳಿಂದ ಹೊರಟ ನಾಳಗಳು ಕೂಡಿ ಒಂದಾಗಿ ಕರುಳನ್ನು ಸೇರುತ್ತವೆ. ಪೆನ್ಸಿಲ್‌ಗಿಂತ ದಪ್ಪವಿರದ ಈ ನಾಳದಲ್ಲಿ ಸಣ್ಣ ಗಡ್ಡೆ ಬೆಳೆದರೂ ದಾರಿ ಕಟ್ಟಿಕೊಂಡು ಪಿತ್ತ ರಕ್ತಕ್ಕೆ ಸೇರುತ್ತದೆ. ಆಗ ಮೂತ್ರ ಕಾಫಿ ಡಿಕಾಕ್ಷನ್‌ನಂತೆ ಕಪ್ಪಾಗುತ್ತದೆ. ಮಲ ಬಣ್ಣಗೆಟ್ಟು ಜೇಡಿಮಣ್ಣಿನಂತಾಗುತ್ತದೆ. ಮೈತುರಿಕೆ ನಿದ್ದೆ ಕೆಡಿಸುತ್ತದೆ. ತೂಕ ಇಳಿಯುತ್ತದೆ.

ಹಾಗೆಂದು ಗಾಬರಿ ಬೇಡ. ನಾಳದಲ್ಲಿ ಸಿಕ್ಕಿಕೊಂಡ ಕಲ್ಲೂ ಇದೇ ಲಕ್ಷಣ ತೋರಬಹುದು. ಬಿಲಿರುಬಿನ್, ಆಲ್ಕಲೈನ್ ಫಾಸ್ಫಟೇಸ್ ರಕ್ತಪರೀಕ್ಷೆ ಮತ್ತು ಅಲ್ಟ್ರಾಸೌಂಡ್‌ನಿಂದ ಮೊದಲ ಸುಳಿವು ಸಿಗುತ್ತದೆ. ನಾಳಗಳು ಹಿಗ್ಗಿದ್ದರೆ ಸಿ.ಟಿ. ಮತ್ತು ಎಂ.ಆರ್.ಸಿ.ಪಿ. ಸ್ಕ್ಯಾನ್ ಬೇಕು. ಗಡ್ಡೆಯ ಅನುಮಾನವಿದ್ದರೆ, ಪಿತ್ತ ಹರಿಯಲು ಸ್ಟೆಂಟ್ ಹಾಕುವ ಮೊದಲೇ ಇವು ಆಗಿರುವುದು ಒಳ್ಳೆಯದು. ಸ್ಟೆಂಟ್ ಕೂತ ಮೇಲೆ ಗಡ್ಡೆ ಎಲ್ಲಿಯವರೆಗಿದೆ ಎಂದು ಅಳೆಯುವುದು ಕಷ್ಟ. ಕಾಮಾಲೆಯ ಜೊತೆ ಚಳಿಜ್ವರ ಬಂದರೆ ಮಾತ್ರ ಅದೇ ದಿನ ಆಸ್ಪತ್ರೆಗೆ ಸೇರಿಸಿ. ಅದು ನಾಳದ ಸೋಂಕು.

ಶಸ್ತ್ರಚಿಕಿತ್ಸೆ ಹೇಗೆ?

ಈ ಕ್ಯಾನ್ಸರನ್ನು ಗುಣಪಡಿಸುವ ಭರವಸೆ ಇರುವುದು ಮುಖ್ಯವಾಗಿ ಶಸ್ತ್ರಚಿಕಿತ್ಸೆಯಲ್ಲಿ. ಸುಮಾರು ಅರ್ಧದಷ್ಟು ಗಡ್ಡೆಗಳು ಎರಡು ನಾಳಗಳು ಕೂಡುವ ಜಾಗದಲ್ಲೇ ಏಳುತ್ತವೆ. 1965ರಲ್ಲಿ ಇವುಗಳನ್ನು ವಿವರಿಸಿದ ಅಮೆರಿಕದ ವೈದ್ಯ ಕ್ಲಾಟ್ಸ್‌ಕಿನ್ ಹೆಸರಿನಿಂದಲೇ ಇವನ್ನು ಕರೆಯುತ್ತಾರೆ. ಇಲ್ಲಿ ನಾಳದ ಜೊತೆ ಲಿವರಿನ ಒಂದು ಪಾಲನ್ನೂ, ಸುತ್ತಲಿನ ಹಾಲುರಸ ಗ್ರಂಥಿಗಳನ್ನೂ ತೆಗೆದು, ಉಳಿದ ನಾಳಕ್ಕೆ ಸಣ್ಣ ಕರುಳನ್ನು ಜೋಡಿಸಬೇಕಾಗುತ್ತದೆ. ಲಿವರಿಗೆ ಮತ್ತೆ ಬೆಳೆಯುವ ಶಕ್ತಿಯಿದೆ. ಉಳಿಯುವ ಭಾಗ ಚಿಕ್ಕದೆನಿಸಿದರೆ, ತೆಗೆಯಲಿರುವ ಭಾಗದ ರಕ್ತನಾಳವನ್ನು ಮೊದಲೇ ಮುಚ್ಚಿ, ಇನ್ನೊಂದು ಭಾಗ ಬೆಳೆಯಲು ಕೆಲವು ವಾರ ಕಾಯುತ್ತಾರೆ.

ಗಡ್ಡೆ ನಾಳದ ಕೆಳತುದಿಯಲ್ಲಿದ್ದರೆ ವಿಪಲ್ ಶಸ್ತ್ರಚಿಕಿತ್ಸೆ. ನ್ಯೂಯಾರ್ಕಿನ ವಿಪಲ್ 1935ರಲ್ಲಿ ಪ್ರಕಟಿಸಿದ ವಿಧಾನ ಇದು. ನಾಳ, ಪಿತ್ತಕೋಶ, ಕರುಳಿನ ಮೊದಲ ಭಾಗ, ಮೇದೋಜೀರಕ ಗ್ರಂಥಿಯ ತಲೆ ಎಲ್ಲವನ್ನೂ ತೆಗೆಯಬೇಕು.

ಎರಡೂ ಹಲವು ಗಂಟೆ ಹಿಡಿಯುವ, ಅಪಾಯವಿರುವ ಶಸ್ತ್ರಚಿಕಿತ್ಸೆಗಳು. ಪದೇ ಪದೇ ಮಾಡಿ ನುರಿತ ತಂಡಗಳಲ್ಲಿ ಅಪಾಯ ಕಡಿಮೆ. ‘ವರ್ಷಕ್ಕೆ ಇಂಥವು ಎಷ್ಟು ಮಾಡುತ್ತೀರಿ?’ ಎಂದು ಸರ್ಜನ್‌ರನ್ನು ಕೇಳಲು ಸಂಕೋಚ ಬೇಡ. ದಕ್ಷಿಣ ಬೆಂಗಳೂರಿನವರಿಗೆ ಹೊಸೂರು ರಸ್ತೆಯ ಸರ್ಕಾರಿ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಹತ್ತಿರದಲ್ಲೇ ಇದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ.

ಮುಂದಿನ ಬದುಕು

ಮುಚ್ಚುಮರೆಯಿಲ್ಲದೆ ಹೇಳುವುದಾದರೆ, ಗಡ್ಡೆಯನ್ನು ಪೂರ್ತಿ ತೆಗೆಯಲು ಸಾಧ್ಯವಾದವರಲ್ಲಿ ನೂರಕ್ಕೆ ಸುಮಾರು 20ರಿಂದ 40 ಮಂದಿ ಐದು ವರ್ಷ ದಾಟುತ್ತಾರೆ. ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಉಳಿಯದೆ, ಗ್ರಂಥಿಗಳಿಗೂ ಹರಡದಿದ್ದರೆ ಭರವಸೆ ಹೆಚ್ಚು. ಶಸ್ತ್ರಚಿಕಿತ್ಸೆಯ ನಂತರ ಸಾಮಾನ್ಯವಾಗಿ ಆರು ತಿಂಗಳು ಕ್ಯಾಪಿಸಿಟಬೀನ್ ಮಾತ್ರೆ ಕೊಡುತ್ತಾರೆ.

ತೆಗೆಯಲಾಗದ ಹಂತದಲ್ಲಿ, ಎರಡು ಔಷಧಿಗಳ ಕೀಮೋಥೆರಪಿ ಪಡೆದವರ ಬದುಕು ಸರಾಸರಿ ಒಂದು ವರ್ಷದಷ್ಟೆಂದು 2010ರ ಬ್ರಿಟಿಷ್ ಅಧ್ಯಯನ ತೋರಿಸಿತು. ದುಃಖದ ಸಂಗತಿಯೆಂದರೆ ಬಹುಪಾಲು ರೋಗಿಗಳು ಬರುವುದೇ ಈ ಹಂತದಲ್ಲಿ. ಅವರನ್ನೂ ಕೈಬಿಡಬೇಕಿಲ್ಲ. ಸ್ಟೆಂಟ್‌ನಿಂದ ಕಾಮಾಲೆ, ತುರಿಕೆ ತಗ್ಗಿ, ಉಳಿದ ದಿನಗಳು ಸಹ್ಯವಾಗುತ್ತವೆ.

ಆದ್ದರಿಂದ ಮನೆಯ ಹಿರಿಯರ ಕಣ್ಣು ಹಳದಿಯಾಗಿ, ಮಲ ಬಿಳಿಚಿಕೊಂಡರೆ, ‘ನೋವೇನೂ ಇಲ್ಲವಲ್ಲ’ ಎಂದು ಸಮಾಧಾನಪಡಬೇಡಿ. ಅದೇ ವಾರ ವೈದ್ಯರಿಗೆ ತೋರಿಸಿ, ಸ್ಕ್ಯಾನ್ ಮಾಡಿಸಿ. ಪಥ್ಯವನ್ನು ಆಮೇಲೂ ಮಾಡಬಹುದು.